ಗೇಟಿನ ಹೊರಗೆ ಬಿಟ್ಟ ಚಪ್ಪಲಿ

ಅವರು ಬಂದದ್ದು ಮೊದಲು ಗೊತ್ತಾಗುತ್ತಿದ್ದದ್ದು ಚಪ್ಪಲಿಯಿಂದ. ಬಾಗಿಲ ಹತ್ತಿರ ಅಲ್ಲ, ಮೆಟ್ಟಿಲ ಕೆಳಗೂ ಅಲ್ಲ, ಗೇಟಿನ ಹೊರಗೆ, ರಸ್ತೆಯ ಮಣ್ಣಿನಲ್ಲಿ, ಜೋಡಿಸಿ ಬಿಟ್ಟ ಕಂದು ಬಣ್ಣದ ಒಂದು ಜೊತೆ. ಬೆಂಗೇರಿಯ ನಮ್ಮ ಓಣಿಯಲ್ಲಿ ಅದನ್ನು ನೋಡಿದವರು, "ಹೊಲಿಗಿ ಅಕ್ಕೋರು ಮಾಫಿ ಕೇಳಾಕ ಬಂದಾರ" ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಅವರು ತೀರಿಕೊಂಡು ಐದು ತಿಂಗಳಾಯಿತು. ಇದನ್ನು ಬರೆಯಲು ಕೂತಾಗಿನಿಂದ ಮೂರು ಸಲ ಎದ್ದು ಗೇಟಿನ ತನಕ ಹೋಗಿ ಬಂದಿದ್ದೇನೆ. ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ಹೋಗುತ್ತೇನೆ.

ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ, ಅವರು ಹೊಲಿಗೆ. ಅವರಿದ್ದದ್ದು ಧಾರವಾಡದ ಲಕಮನಹಳ್ಳಿಯ ಅಣ್ಣನ ಮನೆಯಲ್ಲಿ. ಅಣ್ಣನಿಗೆ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ. ದಿನಾ ಎರಡು ಬಸ್ಸು ಬದಲಿಸಿ ಶಾಲೆಗೆ ಬರುತ್ತಿದ್ದರು. ಮದುವೆ ಆಗಿರಲಿಲ್ಲ. ಕುತ್ತಿಗೆಗೆ ಯಾವಾಗಲೂ ಟೇಪು, ರವಿಕೆಯ ಅಂಚಿಗೆ ಸಾಲಾಗಿ ಮೂರು ಸೂಜಿ. ಸಂತಳಂತೂ ಅಲ್ಲ. ನಾಲಿಗೆ ಬಹಳ ಚುರುಕು, ಸಿಟ್ಟು ಅದಕ್ಕಿಂತ ಚುರುಕು. ದಾರ ಹಾಳುಮಾಡಿದ ಹುಡುಗಿಯ ಕಿವಿ ಹಿಂಡಿ ಆದಮೇಲೆ ಯಾವ ಹುಡುಗಿ ಎಂದು ನೋಡುತ್ತಿದ್ದರು. ತಪ್ಪು ಹೊಲಿದರೆ ಕತ್ತರಿ ಕೊಡುತ್ತಿರಲಿಲ್ಲ, ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿಸುತ್ತಿದ್ದರು. ಇಷ್ಟು ಸಿಟ್ಟಿನ ಹೆಂಗಸಿಗೆ ತಿಂಗಳಿಗೆ ಒಮ್ಮೆ ಅಷ್ಟೊಂದು ಮನೆ ತಿರುಗುವ ಕೆಲಸ ಬೀಳುತ್ತಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಆ ತಿರುಗಾಟದ ಕಾರಣ ಹೇಳಬೇಕು. ಅವರದು ಧಾರವಾಡದ ಒಂದು ಹಳೆಯ ಪ್ರಾಟೆಸ್ಟೆಂಟ್ ಸಭೆ, ಎಂದರೆ ಚರ್ಚು. ನಾವು ಕ್ಯಾಥೊಲಿಕರು, ನಾನು ಓದಿದ್ದೂ ಕಾನ್ವೆಂಟಿನಲ್ಲಿ, ಸಿಸ್ಟರುಗಳ ಕಣ್ಣಳತೆಯಲ್ಲಿ. ನಮ್ಮಲ್ಲಿ ಪಾಪನಿವೇದನೆ ಎಂದರೆ ಕನ್ಫೆಷನ್ ಬಾಕ್ಸು. ಜಾಲರಿಯ ಆಚೆ ಫಾದರ್, ಈಚೆ ನಾವು. ಹೇಳಿದ್ದು ಅಲ್ಲೇ ಉಳಿಯುತ್ತದೆ. ಫಾದರ್ ಕೊಟ್ಟ ಪ್ರಾರ್ಥನೆ ಹೇಳಿ ಮುಗಿಸಿ, ಸೆರಗು ಸರಿಮಾಡಿಕೊಂಡು ಮನೆಗೆ ಬರುತ್ತೇವೆ. ಹೊಲಿಗೆ ಟೀಚರ್ ಹೋಗುತ್ತಿದ್ದ ಸಭೆಯಲ್ಲಿ ತಿಂಗಳ ಮೊದಲ ರವಿವಾರ ಕರ್ತನ ಭೋಜನ. ಅಂದಿನ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವವರು ಹಿಂದಿನ ಸಂಜೆಯೇ ಸಭೆಯ ಹಿರಿಯರಲ್ಲಿ ಹೆಸರು ಕೊಡಬೇಕು. ಹಿರಿಯರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾರ ಕೂಡನರ ಮನಸ್ತಾಪ ಐತೇನು?" ಇದ್ದರೆ ಮೊದಲು ಆ ಮನೆಗೆ ಹೋಗಿ ಬರಬೇಕು. ತೊಂಬತ್ತರ ಹೊತ್ತಿಗೆ ಈ ಪದ್ಧತಿಯನ್ನು ಹೆಚ್ಚಿನವರು ಬಿಟ್ಟಿದ್ದರು. ಹೊಲಿಗೆ ಟೀಚರ್ ಬಿಟ್ಟಿರಲಿಲ್ಲ. ಮೊದಲ ಶನಿವಾರ ಶಾಲೆ ಬಿಟ್ಟೊಡನೆ ಛತ್ರಿ ಹಿಡಿದು ಹೊರಟುಬಿಡುತ್ತಿದ್ದರು.

ಒಮ್ಮೆ ಕಿವಿ ಹಿಂಡಿಸಿಕೊಂಡ ಹುಡುಗಿಯೊಬ್ಬಳ ಮನೆಗೆ, ಬೈರಿದೇವರಕೊಪ್ಪಕ್ಕೆ ಹೋದರು. ಟೀಚರ್ ಮನೆ ಬಾಗಿಲಿಗೆ ಬಂದದ್ದು ನೋಡಿ ಹುಡುಗಿಯ ಅಜ್ಜಿ ಕಂಗಾಲಾಗಿ, ಏನೋ ಕಂಪ್ಲೇಂಟು ತಂದಿದ್ದಾರೆ ಎಂದುಕೊಂಡು, ಮೊಮ್ಮಗಳನ್ನು ಎಳೆದು ಮುಂದೆ ನಿಲ್ಲಿಸಿ, "ಅಕ್ಕೋರ, ನನ್ನ ಮುಂದನ ಇನ್ನೂ ನಾಕ ಹಾಕ್ರಿ" ಎಂದರಂತೆ. ಇವರು ಆ ಹತ್ತು ವರ್ಷದ ಹುಡುಗಿಯ ಮುಂದೆ ಕೈಮುಗಿದು ಕ್ಷಮೆ ಕೇಳಿದರು. ಅಜ್ಜಿ ಅಳಲು ಶುರುಮಾಡಿದರು. ಸೋಮವಾರ ಹೆಡ್‌ಮಿಸ್ಟ್ರೆಸ್ ಕರೆದು, ಹೀಗೆ ಮಾಡಿದರೆ ಡಿಸಿಪ್ಲಿನ್ ಏನಾಗಬೇಕು ಎಂದು ಕೇಳಿದರಂತೆ. ಆ ಮಾತಿಗೆ ಇವರಿಗೆ ಸಿಟ್ಟು ಬಂದು ಎದುರುತ್ತರ ಕೊಟ್ಟರು. ಮುಂದಿನ ತಿಂಗಳು ಹೆಡ್‌ಮಿಸ್ಟ್ರೆಸ್ ಮನೆಯ ಗೇಟಿನ ಹೊರಗೆ ಚಪ್ಪಲಿ ಇತ್ತು.

ಇನ್ನೊಮ್ಮೆ ಯಾರದೋ ಗೇಟಿನ ಮುಂದೆ ಬಿಟ್ಟ ಚಪ್ಪಲಿಯಲ್ಲಿ ಒಂದನ್ನು ನಾಯಿ ಕಚ್ಚಿಕೊಂಡು ಹೋಯಿತು. ಉಳಿದ ಒಂದನ್ನು ಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲಿ ಇನ್ನೆರಡು ಮನೆ ಮುಗಿಸಿ ಬಸ್ಸು ಹತ್ತಿದರು. ಚಪ್ಪಲಿ ಒಳಗೆ ಬಿಟ್ಟರೆ ಏನಾಗುತ್ತದೆ ಎಂದು ನಾನು ಕೇಳಿದ್ದೆ. ಒಳಗೆ ಬಿಟ್ಟರೆ ನಾನು ಗೆಸ್ಟ್ ಆಗಿಬಿಡುತ್ತೇನೆ ಎಂದರು. ಗೆಸ್ಟ್ ಎಂಬ ಇಂಗ್ಲಿಷ್ ಶಬ್ದವನ್ನು ಅವರು ಬೇಕೆಂದೇ ನನಗಾಗಿ ಬಳಸಿದ್ದರು.

ಬಂದೊಡನೆ ಯಾರ ಮನೆಯಲ್ಲೂ ಕೂಡುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು, ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೇಳಬೇಕಾದ್ದನ್ನು ಕೇಳಿ, ಉತ್ತರಕ್ಕೆ ಕಾಯುತ್ತಿದ್ದರು. ಉತ್ತರ ಸಿಕ್ಕಿತೋ, ಮುಖ ಬೇರೆಯೇ ಆಗುತ್ತಿತ್ತು. ಆಮೇಲೆ ಒಳಗೆ ಬಂದು, ಕಾಲು ಚಾಚಿ ಕೂತು, ಕೇಳಿ ಕೇಳಿ ಎರಡು ಕಪ್ಪು ಚಹಾ. ಕ್ಷಮೆಗೆ ಮೊದಲು ಒಂದು ಗುಟುಕು ನೀರೂ ಇಲ್ಲ. ಇದು ಎಲ್ಲರಿಗೂ ಗೊತ್ತಿದ್ದ ನಿಯಮ.

ನಮ್ಮ ಮನೆಯಲ್ಲಿ ಮಾತ್ರ ನಿಯಮ ತಪ್ಪುತ್ತಿತ್ತು. ಮುಂಬಾಗಿಲಲ್ಲಿ ನಿಂತು, "ಮಿಸ್, ನನ್ನ ಕಡಿಂದ ಏನರ ತಪ್ಪಾಗಿದ್ರ ದೇವರ ಸಲುವಾಗಿ ಕ್ಷಮಾ ಮಾಡ್ರಿ" ಎನ್ನುತ್ತಿದ್ದರು. ನಾನು ಪೇಪರ್ ಕರೆಕ್ಷನ್ ಮಾಡುತ್ತಲೇ, ತಲೆ ಎತ್ತದೆ, ಏನು ತಪ್ಪು ಬಿಡ್ರಿ, ಕೂಡ್ರಿ, ಚಹಾ ಕುಡಿಯಿರಿ ಎನ್ನುತ್ತಿದ್ದೆ. ಹೊತ್ತಾಯಿತು ಎಂದು ಹೊರಟುಬಿಡುತ್ತಿದ್ದರು. ಹೊರಟವರು ಗೇಟಿಗೆ ಹೋಗುತ್ತಿರಲಿಲ್ಲ. ಮನೆಯನ್ನು ಸುತ್ತಿ ಹಿತ್ತಲ ಬಾಗಿಲಿಗೆ ಹೋಗಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ನನ್ನ ತಂಗಿ ಸಿಸಿಲಿಯ ಕೈಯಿಂದ ಎರಡು ಕಪ್ಪು ಚಹಾ ಕುಡಿದು ಹೋಗುತ್ತಿದ್ದರು. ಅವರಿಬ್ಬರ ನಗು ನನಗೆ ಪಡಸಾಲೆಯಲ್ಲಿ ಕೇಳುತ್ತಿತ್ತು. ನನಗೆ ಇದು ಅವಮಾನ ಅನ್ನಿಸುತ್ತಿತ್ತು. ನನ್ನ ಮ್ಯಾನರ್ಸು, ನನ್ನ ಇಂಗ್ಲಿಷು ನೋಡಿ ಸಂಕೋಚಪಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಸಿಸಿಲಿಯ ವಿಷಯ ಹೇಳದೆ ಮುಂದೆ ಹೋಗಲು ಬರುವುದಿಲ್ಲ. ನಾನು ಮದುವೆಯಾಗಿ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಪ್ಪ ಅಮ್ಮ ಹೋದ ಮೇಲೆ ಉಳಿದದ್ದು ನಾವಿಬ್ಬರೇ. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್. ಗುಳಿಗೆ ನುಂಗಿದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹೊರಗಿನ ಯಾರಿಗೂ ಗೊತ್ತಿರಲಿಲ್ಲ, ಒಬ್ಬರನ್ನು ಬಿಟ್ಟು. ಹೊಲಿಗೆ ಟೀಚರ್ ಒಂದು ದಿನ ಅವಳ ರವಿಕೆಯ ಅಳತೆ ತೆಗೆದುಕೊಳ್ಳುತ್ತಿದ್ದಾಗಲೇ ಫಿಟ್ಸ್ ಬಂತು. ಅವರು ಚೀರಲಿಲ್ಲ, ಯಾರನ್ನೂ ಕರೆಯಲಿಲ್ಲ. ಅವಳನ್ನು ಮಗ್ಗುಲಾಗಿ ಮಲಗಿಸಿ, ತಮ್ಮ ಸೆರಗು ಮಡಿಚಿ ತಲೆಯ ಕೆಳಗಿಟ್ಟು, ಮುಗಿಯುವ ತನಕ ಹತ್ತಿರ ಕೂತಿದ್ದರು. ಯಾರಿಗೂ ಹೇಳಬೇಡಿ ಎಂದು ನಾನು ಅವರ ಕೈ ಹಿಡಿದು ಮಾತು ತೆಗೆದುಕೊಂಡೆ. ಕೊಟ್ಟರು.

ತೊಂಬತ್ತರ ದಶಕ ಶುರುವಾದ ಹೊಸದರಲ್ಲಿ ಸಿಸಿಲಿಗೆ ಗದಗಿನ ಕಡೆಯ ಒಂದು ಸಂಬಂಧ ಬಂತು. ಹುಡುಗ ರೈಲ್ವೆಯಲ್ಲಿ. ಮಾತು ಬಹಳ ಮುಂದೆ ಹೋಯಿತು. ನಾನು ಗುಳಿಗೆಗಳನ್ನೆಲ್ಲ ಒಂದು ಖಾಲಿ ಪೌಡರ್ ಡಬ್ಬಿಗೆ ಹಾಕಿ, ಮೇಲೆ ಹತ್ತಿ ಇಟ್ಟು, ಅಲ್ಲಿ ಹೋದ ಮೇಲೆ ಇದರಿಂದಲೇ ತೆಗೆದು ನುಂಗು, ಯಾರೂ ನೋಡಬಾರದು ಎಂದು ಅವಳಿಗೆ ಪಾಠ ಮಾಡಿದೆ. ಮೂರು ಸಲ ಅವಳಿಂದ ಪ್ರಾಕ್ಟೀಸ್ ಮಾಡಿಸಿದೆ. ಅವಳು ಮಾತಿಲ್ಲದೆ ಮಾಡಿದಳು. ಎರಡು ವಾರದ ನಂತರ ಗದಗಿನಿಂದ ಬೇಡ ಎಂದು ಕಾಗದ ಬಂತು. ಕಾರಣ ಬರೆದಿರಲಿಲ್ಲ. ಆಮೇಲೆ ಬೇರೆ ಸಂಬಂಧ ಕೂಡಿಬರಲಿಲ್ಲ.

ಅದಾಗಿ ಆರು ವರ್ಷಕ್ಕೆ, ಹೊಲಿಗೆ ಟೀಚರ್ ರಿಟೈರ್ ಆದ ವರ್ಷ, ಒಂದು ಮೊದಲ ಶನಿವಾರ ಎಂದಿನಂತೆ ಬಂದು ಬಾಗಿಲಲ್ಲಿ ನಿಂತರು. ಎಂದಿನ ವಾಕ್ಯ ಬರಲಿಲ್ಲ. ನಾನು ತಲೆ ಎತ್ತಿದೆ.

"ಮಿಸ್, ಇಷ್ಟ ವರ್ಷ ಏನರ ತಪ್ಪಾಗಿದ್ರ ಅಂತ ಕೇಳಿದ್ದು ಸುಳ್ಳ. ಏನ್ ತಪ್ಪಂತ ನನಗ ಗೊತ್ತಿತ್ತು. ಗದಗಿನ ಹುಡಗನ ಅತ್ತಿ ಸಾಲಿಗೆ ವಿಚಾರ್ಸಾಕ ಬಂದಿದ್ಲು. ನಿಮ್ಮ ತಂಗಿಗೆ ಫಿಟ್ಸ್ ಬರತಾವ ಅಂತ ಹೇಳಿದಾಕಿ ನಾನ."

ನಾನು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ.

"ಖರೇ ಮಾತನ ಹೇಳಿದೆ. ಆದ್ರ ಖರೇ ಸಲುವಾಗಿ ಹೇಳಲಿಲ್ರಿ. ನಿಮಗ ನೋವಾಗ್ಲಿ ಅಂತ ಹೇಳಿದೆ. ಕ್ಷಮಾ ಮಾಡ್ರಿ."

ನೋವು ಯಾಕಾಗಬೇಕಿತ್ತು ಎಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ, ಏಕೆಂದರೆ ನನಗೆ ಗೊತ್ತಿತ್ತು. ಗದಗಿನ ಮಾತುಕತೆ ನಡೆದಿದ್ದಾಗಲೇ ಶಾಲೆಯಲ್ಲಿ ಅವರ ಕಸೂತಿಯ ಎಕ್ಸಿಬಿಷನ್ ಆಗಿತ್ತು. ಚೀಫ್ ಗೆಸ್ಟ್ ಹೊಗಳುತ್ತಾ ನಿಂತಾಗ ನಾನು ಪಕ್ಕದಿಂದ, ಇಂಗ್ಲಿಷಿನಲ್ಲಿ, ಬಣ್ಣವೆಲ್ಲ ಇವರ ಬೆರಳಲ್ಲಿದೆ, ತಲೆಯಲ್ಲಿ ಬರೀ ಹತ್ತಿ ಎಂದಿದ್ದೆ. ಗೆಸ್ಟ್ ನಕ್ಕರು. ಇಂಗ್ಲಿಷ್ ತಿಳಿಯದ ಹೊಲಿಗೆ ಟೀಚರ್ ಕೂಡ ಮರ್ಯಾದೆಗೆಂದು ಜೊತೆಗೆ ನಕ್ಕರು. ಸಂಜೆ ಹತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ಅದರ ಅರ್ಥ ಹೇಳಿದಳಂತೆ. ಇದು ನನಗೆ ಆಗಲೇ ತಿಳಿದಿತ್ತು. ಎರಡು ದಿನ ಬಿಟ್ಟು ಆ ಅತ್ತೆ ಶಾಲೆಗೆ ಬಂದಿರಬೇಕು. ಕ್ಷಮೆ ಕೇಳುವಾಗ ನನ್ನ ಆ ಮಾತನ್ನು ಅವರು ನೆಪಕ್ಕೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು.

"ಇವತ್ತ ಆಗೂದಿಲ್ಲ" ಎಂದೆ.

"ಆಗ್ಲಿ ಮಿಸ್. ಮುಂದಿನ ತಿಂಗಳ ಬರತೇನಿ."

ಆ ದಿನವೂ ಅವರು ಹಿತ್ತಲಿಗೆ ಹೋಗಿ ಚಹಾ ಕುಡಿದರು. ಮಾಡಿದ್ದನ್ನು ಮಾಡಿ ನನ್ನ ತಂಗಿಯ ಕೈಯ ಚಹಾ ಕುಡಿಯುವ ಧೈರ್ಯ ನೋಡು ಎಂದು ನಾನು ಪಡಸಾಲೆಯಲ್ಲಿ ಹಲ್ಲು ಕಚ್ಚಿಕೊಂಡು ತಿರುಗಾಡಿದೆ. ಸಿಸಿಲಿಗೆ ಏನೂ ಹೇಳಲಿಲ್ಲ. ಹೇಳಿದರೆ ಪೌಡರ್ ಡಬ್ಬಿಯ ಮಾತೂ ಬರುತ್ತದೆ.

ಏಳು ವರ್ಷ ಬಂದರು. ರಿಟೈರ್ ಆದವರು, ಮಂಡಿನೋವಿನವರು, ಲಕಮನಹಳ್ಳಿಯಿಂದ ಎರಡು ಬಸ್ಸು ಹಿಡಿದು, ಪ್ರತಿ ಮೊದಲ ಶನಿವಾರ. ಗೇಟಿನ ಹೊರಗೆ ಚಪ್ಪಲಿ, ಹೊಸ್ತಿಲ ಹೊರಗೆ ಅವರು. ನಾನು ಇವತ್ತು ಆಗುವುದಿಲ್ಲ ಎನ್ನುವುದು, ಅವರು ಆಗಲಿ ಎನ್ನುವುದು. ಅವರದೇ ಸಭೆಗೆ ಸೇರಿದ ನಮ್ಮ ಗಣಿತದ ಟೀಚರ್ ಒಂದು ದಿನ ಸ್ಟಾಫ್‌ರೂಮಿನಲ್ಲಿ ಹೇಳಿದರು, ಹೊಲಿಗೆ ಅಕ್ಕೋರು ಈಗ ಕರ್ತನ ಭೋಜನ ತೆಗೆದುಕೊಳ್ಳುವುದೇ ಇಲ್ಲವಂತೆ. ಎಲ್ಲರೂ ಎದ್ದು ಮುಂದೆ ಹೋದಾಗ ಒಬ್ಬರೇ ಬೆಂಚಿನಲ್ಲಿ ಕೂತಿರುತ್ತಾರೆ. ಹಿರಿಯರು ಕೇಳಿದರೆ, "ಇನ್ನೂ ಒಂದ ಮನಿ ಉಳದೈತ್ರಿ" ಎನ್ನುತ್ತಾರೆ. ಆ ಮನೆ ಯಾವುದೋ ಪಾಪ ಎಂದರು ಗಣಿತದ ಟೀಚರ್. ನಾನು ಟಿಫಿನ್ ಡಬ್ಬಿ ಮುಚ್ಚಿದೆ.

ಖರೇ ಹೇಳುತ್ತೇನೆ, ಆ ಶನಿವಾರಗಳಿಗೆ ನಾನು ಕಾಯುತ್ತಿದ್ದೆ. ಒಳ್ಳೆಯ ಸೀರೆ ಉಡುತ್ತಿದ್ದೆ. ಒಬ್ಬರು ದೇವರ ಮೇಜಿಗೆ ಹೋಗುವುದೂ ಬಿಡುವುದೂ ನನ್ನ ಒಂದು ಮಾತಿನಲ್ಲಿದೆ ಎನ್ನುವುದು ಕೆಟ್ಟ ರುಚಿ. ಒಮ್ಮೆ ಹತ್ತಿದರೆ ಬಿಡುವುದಿಲ್ಲ. ನಾನೇನು ಕನ್ಫೆಷನ್ ಬಿಟ್ಟಿರಲಿಲ್ಲ. ಸಿಟ್ಟು ಮಾಡಿದೆ ಫಾದರ್ ಎನ್ನುತ್ತಿದ್ದೆ, ಯಾರ ಮೇಲೆ ಎಷ್ಟು ವರ್ಷ ಎನ್ನುತ್ತಿರಲಿಲ್ಲ. ಒಬ್ಬ ಹೊಸ ಫಾದರ್ ಮಾತ್ರ ಜಾಲರಿಯ ಆಚೆಯಿಂದ, ಯಾರ ಮೇಲಮ್ಮಾ, ಅವರ ಹತ್ತಿರ ಹೋದೆಯಾ ಎಂದು ಕೇಳಿದರು. ಮುಂದಿನ ಸಲದಿಂದ ನಾನು ಬೇರೆ ಚರ್ಚಿಗೆ ಹೋಗತೊಡಗಿದೆ.

ಒಮ್ಮೆ ಗೇಟಿನ ತನಕ ಅವರ ಹಿಂದೆಯೇ ಹೋಗಿ ಕೇಳಿದೆ, ದೇವರು ಕ್ಷಮಿಸುತ್ತಾನೆ ಎಂದು ನೀವೇ ನಂಬುತ್ತೀರಿ, ಅಷ್ಟು ಸಾಲದೇ, ನನ್ನನ್ನು ಯಾಕೆ ಕಾಡುತ್ತೀರಿ ಎಂದು. ಬಗ್ಗಿ ಚಪ್ಪಲಿ ಮೆಟ್ಟುತ್ತಿದ್ದರು. ಬಗ್ಗಿದಲ್ಲಿಂದಲೇ ಹೇಳಿದರು:

"ದೇವರ ಕರುಣಾ ಲಗೂ ಸಿಗತೈತ್ರಿ ಮಿಸ್, ಅವಂಗ ಕೊಡೂದ ಕೆಲಸ. ಮನಷ್ಯಾರ ಬಾಗಲದಾಗ ನಿಂದ್ರೂದ ನನ್ನ ಕೆಲಸ. ಅದನ್ನ ಅವನ ಮ್ಯಾಲ ಹಾಕಾಕ ಬರೂದಿಲ್ಲ."

ಆರು ತಿಂಗಳ ಹಿಂದೆ, ಎರಡು ಸಾವಿರದ ಐದರ ಒಂದು ಮೊದಲ ಶನಿವಾರ ಅವರು ಬರಲಿಲ್ಲ. ನಾನು ಐದು ಗಂಟೆಯ ತನಕ ಸೀರೆ ಉಟ್ಟು ಕೂತಿದ್ದೆ. ಎದ್ದೆ, ಗೇಟಿಗೆ ಹೋದೆ, ಬಂದೆ, ಮತ್ತೆ ಹೋದೆ. ಮೊದಲು ಸಿಟ್ಟು ಬಂತು, ಸೋತುಬಿಟ್ಟರಾ ಎಂದು. ಆಮೇಲೆ ಹೆದರಿಕೆ. ಮರುದಿನ ಗಣಿತದ ಟೀಚರ್ ಫೋನ್ ಮಾಡಿದರು: ಹೊಲಿಗೆ ಅಕ್ಕೋರು ಹಾಸಿಗೆ ಹಿಡಿದಿದ್ದಾರೆ, ಲಿವರ್, ಡಾಕ್ಟರು ಕೈಬಿಟ್ಟಿದ್ದಾರೆ. ಮುಂದಿನ ರವಿವಾರ ಪಾದ್ರಿಗಳು ಮನೆಗೇ ರೊಟ್ಟಿ, ದ್ರಾಕ್ಷಾರಸ ತರುತ್ತೇನೆ ಎಂದರೂ ಬೇಡ ಎನ್ನುತ್ತಿದ್ದಾರಂತೆ, ಒಂದು ಮನೆ ಉಳಿದಿದೆಯಂತೆ.

ಶನಿವಾರ ಹೊರಟೆ. ಸಿಸಿಲಿ ಕೇಳದೆಯೇ ಸೀರೆ ಬದಲಿಸಿ ಜೊತೆಗೆ ಬಂದಳು. ಬಸ್ಸಿನಲ್ಲಿ ಉದ್ದಕ್ಕೂ ನಾನು ಮನಸ್ಸಿನಲ್ಲೇ ಒಂದು ಭಾಷಣ ತಿದ್ದುತ್ತಿದ್ದೆ; ದೊಡ್ಡ ಮನಸ್ಸಿನದು, ಡಿಗ್ನಿಟಿ ಇರುವಂಥದ್ದು.

ಲಕಮನಹಳ್ಳಿಯ ಆ ಮನೆಯಲ್ಲಿ ಹೊಲಿಗೆ ಮಷೀನಿನ ಪಕ್ಕದಲ್ಲೇ ಮಂಚ. ಕೈಕಾಲು ಕಡ್ಡಿಯಾಗಿತ್ತು, ಕಣ್ಣು ಹಳದಿ. ನನ್ನನ್ನು ನೋಡಿ ಅವರು ಮೊದಲು ಮಾಡಿದ್ದು ಮಂಚದಿಂದ ಇಳಿಯುವ ಪ್ರಯತ್ನ. ಮಲಗಿ ಕೇಳುವ ಮಾತಲ್ಲ ಅದು ಎಂದರು. ಸಿಸಿಲಿ ಹೋಗಿ ಹಿಡಿದುಕೊಂಡಳು. ಬರಿಗಾಲಲ್ಲಿ, ಮಷೀನಿಗೆ ಕೈಯಾನಿಸಿ, ನಡುಗುತ್ತ ನಿಂತರು.

"ಮಿಸ್, ಕೊಟ್ಟ ಮಾತ ಮುರದೇನಿ. ಕ್ಷಮಾ ಮಾಡ್ರಿ."

ನನ್ನ ಭಾಷಣದ ಒಂದು ಶಬ್ದವೂ ಬರಲಿಲ್ಲ. "ಮಾಡೇನ್ರಿ" ಎಂದೆ. ಅಷ್ಟೇ. ಏಳು ವರ್ಷ ತಡೆಹಿಡಿದದ್ದು ಇಷ್ಟು ಸಣ್ಣ ಮಾತು.

ಅವರು ಕೂತರು. ಅಣ್ಣನ ಹೆಂಡತಿಯನ್ನು ಕರೆದು ಚಹಾ ಮಾಡಲು ಹೇಳಿದರು. ಆಮೇಲೆ ಸಿಸಿಲಿ ಅವರ ಕಾಲಿನ ಮೇಲೆ ಚಾದರ ಹೊದಿಸುತ್ತಾ, ಬಹಳ ಸಹಜವಾಗಿ ಹೇಳಿದಳು:

"ಅಕ್ಕಾ, ನನಗ ಇವ್ರು ಗದಗಿನ ಕಾಗದಾ ಬಂದ ತಿಂಗಳನ ಹೇಳಿದ್ರು. ಹಿತ್ತಲ ಬಾಗಲದಾಗ ನಿಂತು ಕೇಳಿದ್ರು. ನಾ ಅತ್ತೆ. ಅತ್ತ ಆದಮ್ಯಾಲ ಚಾ ಮಾಡಿ ಕೊಟ್ಟೆ."

ಇಷ್ಟು ವರ್ಷ ಹಿತ್ತಲಲ್ಲಿ ಕುಡಿದ ಚಹಾ ಕ್ಷಮೆ ಸಿಕ್ಕ ಮನೆಯ ಚಹಾ ಆಗಿತ್ತು. ನನ್ನ ಪಡಸಾಲೆಯಲ್ಲಿ ಕುಡಿಯದೆ ಹೋದದ್ದೂ ಅದೇ ನಿಯಮಕ್ಕೇ. ನನಗೆ ಯಾಕೆ ಹೇಳಲಿಲ್ಲ ಎಂದು ಸಿಸಿಲಿಯನ್ನು ಕೇಳಿದೆ.

"ಏನಂತ ಹೇಳ್ಲಿ? ಆ ಡಬ್ಬಿ ಕೊಟ್ಟ ದಿನದಿಂದ ನನಗ ನಿದ್ದಿ ಇರಲಿಲ್ಲ. ಲಗ್ನಾ ಬ್ಯಾಡ ಅಂತ ಕಾಗದಾ ಬಂದ ದಿನಾ ಅತಗೋತನ ಮಲ್ಕೊಂಡೆ, ಆದ್ರ ನಿದ್ದಿ ಬಂತು. ನೀ ಅಷ್ಟ ಕಷ್ಟಪಟ್ಟಿದ್ದಿ. ನಿನಗ ಹೆಂಗ ಹೇಳ್ಲಿ ಅದನ್ನ?"

ಚಹಾ ಬಂತು. ಸಪ್ಪಗಿತ್ತು. ಹೊಲಿಗೆ ಟೀಚರ್ ಅರ್ಧ ಕಪ್ಪು ಕುಡಿಯುವಷ್ಟರಲ್ಲಿ ದಣಿದರು. ನಾನು ಬಗ್ಗಿ, ಅವರಿಗಷ್ಟೇ ಕೇಳುವಂತೆ, ಎಕ್ಸಿಬಿಷನ್ ದಿನ ನಾನು ಆಡಿದ ಮಾತು ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಅದನ್ನ ನಾ ಆ ತಿಂಗಳನ ಬಿಟ್ಟೇನ್ರಿ. ನೀವು ಕೇಳಾಕ ಬರಲಿ ಅಂತ ಕಾದ್ರ ನನಗ ಜೀವನಾ ಸಾಕಾಗತಿತ್ತೇನು?" ನಕ್ಕರು, ನಗಲು ನೋವಾಯಿತು. ಸಿಸಿಲಿ ಕಪ್ಪು ತೊಳೆಯಲು ಒಳಗೆ ಹೋಗಿದ್ದಳು. ಅವಳು ಹೋದ ಕಡೆ ಕಣ್ಣು ಹಾಯಿಸಿ ಹೇಳಿದರು: "ನೀವು ನಿಂದ್ರಬೇಕಾದ ಬಾಗಲಾ ಇದಲ್ರಿ ಮಿಸ್. ನಿಮ್ಮ ಮನ್ಯಾಗನ ಐತಿ."

ಮರುದಿನ ಪಾದ್ರಿಗಳ ಕೈಯಿಂದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡರಂತೆ. ಮುಂದಿನ ತಿಂಗಳ ಮೊದಲ ರವಿವಾರದ ತನಕ ಉಳಿಯಲಿಲ್ಲ. ಮಣ್ಣು ಮಾಡಿದ ದಿನ ನಾವಿಬ್ಬರೂ ಹೋಗಿದ್ದೆವು. ಕಿವಿ ಹಿಂಡಿಸಿಕೊಂಡ ಎಷ್ಟೋ ಹುಡುಗಿಯರು ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ನನಗೆ ಅವರ ಅಣ್ಣನ ಮನೆಯ ಬಾಗಿಲಲ್ಲಿದ್ದ ಆ ಕಂದು ಚಪ್ಪಲಿ ಮಾತ್ರ ಕಾಣುತ್ತಿತ್ತು. ಹಿಮ್ಮಡಿಯ ಕಡೆ ಪೂರ್ತಿ ಸವೆದು ನೆಲ ಮುಟ್ಟಿತ್ತು. ಅದರಲ್ಲಿ ಎಷ್ಟು ಸವೆತ ನಮ್ಮ ಬೆಂಗೇರಿಯ ದಾರಿಯದು ಎಂದು ಯೋಚಿಸುತ್ತ ನಿಂತಿದ್ದೆ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅಡುಗೆಮನೆಗೆ ಹೋಗುತ್ತೇನೆ, ಸಿಸಿಲಿ ಏನು ಬೇಕು ಅಕ್ಕಾ ಎನ್ನುತ್ತಾಳೆ, ನೀರು ಕುಡಿದು ಬರುತ್ತೇನೆ. ಐದು ತಿಂಗಳಲ್ಲಿ ಎಷ್ಟು ನೀರು ಕುಡಿದಿದ್ದೇನೋ. ಕನ್ಫೆಷನ್ನಿಗೆ ಮತ್ತೆ ಆ ಹೊಸ ಫಾದರ್ ಹತ್ತಿರವೇ ಹೋಗಿ ಎಲ್ಲ ಹೇಳಿದೆ. ದೇವರು ಕ್ಷಮಿಸಿದ್ದಾನೆ ಎಂದರು, ನಾನು ನಂಬಿದೆ. ಆದರೂ ಮನೆಗೆ ಬಂದು ಮತ್ತೆ ನೀರು ಕುಡಿದೆ. ಇಪ್ಪತ್ತು ವರ್ಷ ಊಟಕ್ಕೆ ಎದುರು ಕೂತ ತಂಗಿಯ ಮುಂದೆ ನಿಲ್ಲುವುದು ಜಾಲರಿಯ ಮುಂದೆ ಮೊಣಕಾಲೂರಿದಷ್ಟು ಸುಲಭವಲ್ಲ.

ಕಳೆದ ಶನಿವಾರ ಮಧ್ಯಾಹ್ನ ಮುಂಬಾಗಿಲಿನಿಂದ ಇಳಿದು ಗೇಟಿನ ಹೊರಗೆ ಹೋದೆ. ರಸ್ತೆಯಲ್ಲಿ ಚಪ್ಪಲಿ ಬಿಟ್ಟೆ. ಎದುರುಮನೆಯವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಬರಿಗಾಲಲ್ಲಿ ಮನೆ ಸುತ್ತಿದೆ. ಕಲ್ಲು ಚುಚ್ಚುತ್ತವೆ, ಹೊಲಿಗೆ ಟೀಚರ್ ಒಂದು ದಿನವೂ ಹೇಳಿರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ಸಿಸಿಲಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು ಬೆನ್ನು ಮಾಡಿ ನಿಂತಿದ್ದಳು.

ಹೆಜ್ಜೆ ಕೇಳಿ, ತಿರುಗದೆ, "ಬರ್ರಿ" ಎಂದಳು. ಆ ಬಾಗಿಲಿಗೆ ಬರುತ್ತಿದ್ದದ್ದು ಒಬ್ಬರೇ. ಹೇಳಿದ ಮೇಲೆ ಅವಳಿಗೇ ನೆನಪಾಗಿ ತಿರುಗಿದಳು. ನನ್ನ ಮುಖ ನೋಡಿದಳು, ಆಮೇಲೆ ಕಾಲು. ಒಳಗೆ ಬಾ ಎನ್ನಲಿಲ್ಲ. ಚಹಾ ಕುಡಿಯುತ್ತೀಯಾ ಎನ್ನಲಿಲ್ಲ. ಗ್ಯಾಸ್ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಹೊಸ್ತಿಲ ಆಚೆ ನನ್ನ ಎದುರು ಬಂದು ನಿಂತಳು.

"ಏನಾದರೂ ತಪ್ಪಾಗಿದ್ದರೆ" ಎಂದು ಬಾಯಿಗೆ ಬಂತು. ನುಂಗಿದೆ. ಏನು ತಪ್ಪೆಂದು ನನಗೆ ಗೊತ್ತಿತ್ತು.

"ಸಿಸಿಲಿ," ಎಂದೆ, "ಆ ಪೌಡರ್ ಡಬ್ಬಿ..."

"ಹೇಳು ಅಕ್ಕಾ" ಎಂದಳು. "ಪೂರ್ತಿ ಹೇಳು."